ವಿದೇಶದಲ್ಲಿ ಬಳಸಿದ ಸ್ವಂತ ಕಾರಿನ ಆಮದು ಮತ್ತು ನೋಂದಣಿ

ವಿದೇಶದಿಂದ ಹಿಂದಿರುಗುವ ನಾಗರಿಕರು ತಮ್ಮ ಕಾರನ್ನು ಭಾರತಕ್ಕೆ ತರಲು ಇಚ್ಛಿಸಿದಲ್ಲಿ, ಅದನ್ನು ಹಡಗಿಗೆ ಏರಿಸುವ ಮುನ್ನವೇ ಕೆಳಕಂಡ ಅಂಶಗಳನ್ನು ಪರಿಶೀಲಿಸತಕ್ಕದ್ದು.

ಸೀಮಾಸುಂಕ ಅಧಿನಿಯಮ, 1962ರ ವ್ಯಾಖ್ಯೆಯಂತೆ ಮೋಟಾರು ವಾಹನವು ಪ್ರಯಾಣಿಕರ ಸರಂಜಾಮಿನಲ್ಲಿ ಸೇರುವುದಿಲ್ಲ. ಆದ್ದರಿಂದ ವಾಸಸ್ಥಳ ಬದಲಾವಣೆಯಡಿ ಗೃಹೋಪಯೋಗಿ ವಸ್ತುಗಳಿಗೆ ದೊರೆಯುವ ಸುಂಕ ವಿನಾಯಿತಿ ಕಾರಿಗೆ ಅನ್ವಯಿಸುವುದಿಲ್ಲ.

ಬಳಸಿದ ಕಾರಿಗೆ ವಿಧಿಸಲಾದ ಮುಖ್ಯ ಷರತ್ತುಗಳು:

1. ತಯಾರಿಕೆಯ ದಿನಾಂಕದಿಂದ 3 ವರ್ಷ ಮೀರಿರಬಾರದು. ನೋಂದಣಿಯ ದಿನಾಂಕವನ್ನು ಇದಕ್ಕೆ ಆಧಾರವಾಗಿ ಪರಿಗಣಿಸಲಾಗುವುದಿಲ್ಲ.
2. ಸ್ಟಿಯರಿಂಗ್ ಬಲಬದಿಯಲ್ಲಿರಬೇಕು. ಕೊಲ್ಲಿ ರಾಷ್ಟ್ರಗಳು ಹಾಗೂ ಅಮೆರಿಕದ ಕಾರುಗಳು ಸಾಮಾನ್ಯವಾಗಿ ಎಡಬದಿಯ ಸ್ಟಿಯರಿಂಗ್ ಹೊಂದಿರುವುದರಿಂದ ಅರ್ಹವಾಗುವುದಿಲ್ಲ.
3. ವೇಗಮಾಪಕವು ಕಿಲೋಮೀಟರ್‌ಗಳಲ್ಲಿ ವೇಗವನ್ನು ಸೂಚಿಸಬೇಕು. ಬ್ರಿಟನ್ನಿನಿಂದ ತರುವವರು ಇದನ್ನು ವಿಶೇಷವಾಗಿ ಗಮನಿಸುವುದು.
4. ಮುಂದೀಪಗಳು ಎಡಬದಿಯ ಸಂಚಾರಕ್ಕೆ ಹೊಂದುವಂತಿರಬೇಕು.
5. ಆಮದಿನ ನಂತರ ಕನಿಷ್ಠ 5 ವರ್ಷ ಸಂಚಾರಯೋಗ್ಯವಾಗಿರಬೇಕು. ಆ ಅವಧಿಗೆ ದುರಸ್ತಿ ಸೌಲಭ್ಯದ ಭರವಸೆ ನೀಡಬೇಕು.
6. ಮುಂಬಯಿ ಬಂದರಿನ ಮೂಲಕವೇ ತರಬೇಕು. ಬಿಡುಗಡೆಗೆ ಮುನ್ನ ಅಧಿಕೃತ ಸಂಸ್ಥೆಯಿಂದ ಪರೀಕ್ಷೆಗೆ ಒಳಪಡಿಸಬೇಕು.

ಷರತ್ತುಗಳನ್ನು ಪೂರೈಸದ ವಾಹನವು ಬಂದರಿನಲ್ಲಿಯೇ ಮುಟ್ಟುಗೋಲಿಗೆ ಒಳಗಾಗಬಹುದು. ಸಾಗಣೆಗೆ ತೆತ್ತ ಹಣವೂ ನಷ್ಟವಾಗುತ್ತದೆ.

ನೋಂದಣಿ: ಸುಂಕ ಪಾವತಿಸಿ ಬಿಡುಗಡೆಯಾದ ಕಾರನ್ನು ತಾತ್ಕಾಲಿಕ ನೋಂದಣಿಯ ಮೇಲೆ ಕರ್ನಾಟಕಕ್ಕೆ ತರಬಹುದು. ನಂತರ ಮಾಲೀಕರ ವಾಸಸ್ಥಳದ ಪ್ರಾದೇಶಿಕ ಸಾರಿಗೆ ಕಚೇರಿಗೆ ನಮೂನೆ 20ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯೊಂದಿಗೆ ಸೀಮಾಸುಂಕ ಬಿಡುಗಡೆ ಪ್ರಮಾಣಪತ್ರ, ವಿಮಾ ಪತ್ರ ಮತ್ತು ವಿಳಾಸದ ದಾಖಲೆಗಳನ್ನು ಲಗತ್ತಿಸಬೇಕು. ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಅಧಿನಿಯಮ, 1957ರಂತೆ ಜೀವಾವಧಿ ತೆರಿಗೆಯನ್ನು ಪ್ರತ್ಯೇಕವಾಗಿ ಪಾವತಿಸತಕ್ಕದ್ದು. ಬಂದರಿನಲ್ಲಿ ತೆತ್ತ ಸುಂಕವು ಇದಕ್ಕೆ ಹೊಂದಾಣಿಕೆಯಾಗುವುದಿಲ್ಲ.