ಲಿಥಿಯಮ್-ಅಯಾನ್ ಕೋಶ: ಕೋಬಾಲ್ಟಿನಿಂದ ಕಬ್ಬಿಣಕ್ಕೆ

ವಿದ್ಯುತ್ ಸ್ಕೂಟರು ಅರಭಾವಿಯಲ್ಲಿ ಓಡಲಿ, ಬೆಂಗಳೂರಿನಲ್ಲಿ ಓಡಲಿ, ಅದರಲ್ಲಿರುವುದು ‘ಲಿಥಿಯಮ್ ಬ್ಯಾಟರಿ’ ಎಂದಷ್ಟೇ ಹೇಳಿ ನಾವು ಸುಮ್ಮನಾಗುತ್ತೇವೆ. ಈ ಒಂದು ಹೆಸರಿನ ಹಿಂದೆ ಹಲವು ರಸಾಯನಗಳಿವೆ. ಅವುಗಳ ನಡುವಣ ವ್ಯತ್ಯಾಸ ಮುಖ್ಯವಾಗಿ ಧನ ವಿದ್ಯುದ್ವಾರದ ಸಂಯುಕ್ತದಲ್ಲಿದೆ.

1980ರಲ್ಲಿ ಆಕ್ಸ್‌ಫರ್ಡಿನ ಜಾನ್ ಗುಡಿನಫ್ ಅವರ ತಂಡವು ಲಿಥಿಯಮ್ ಕೋಬಾಲ್ಟ್ ಆಕ್ಸೈಡನ್ನು ಈ ಕೆಲಸಕ್ಕೆ ಸೂಚಿಸಿತು. ಅದರ ಪದರಗಳ ನಡುವೆ ಲಿಥಿಯಮ್ ಅಯಾನುಗಳು ಸುಲಭವಾಗಿ ಹೋಗಿಬರುತ್ತವೆ. 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಇದಕ್ಕೆ ಇಂಗಾಲದ ಋಣ ವಿದ್ಯುದ್ವಾರವನ್ನು ಜೋಡಿಸಿದರು. 1991ರಲ್ಲಿ ಸೋನಿ ಕಂಪನಿ ಕೋಶವನ್ನು ಮಾರುಕಟ್ಟೆಗೆ ತಂದಿತು. ಆದರೆ ಕೋಬಾಲ್ಟ್ ದುಬಾರಿ ಲೋಹ. ಮೇಲಾಗಿ, ಆವೇಶ ತುಂಬಿದ ಈ ಆಕ್ಸೈಡ್ ಅತಿಯಾಗಿ ಕಾದರೆ ಆಕ್ಸಿಜನ್ ಬಿಡುತ್ತದೆ. ಪಕ್ಕದಲ್ಲೇ ಉರಿಯಬಲ್ಲ ದ್ರಾವಕವಿದೆ. ಅಪಾಯ ಎಲ್ಲಿದೆಯೆಂದು ನೀವೇ ಊಹಿಸಬಹುದು.

1997ರಲ್ಲಿ ಎ. ಕೆ. ಪಾಧಿ, ಕೆ. ಎಸ್. ನಂಜುಂಡಸ್ವಾಮಿ ಮತ್ತು ಗುಡಿನಫ್ ಅಮೆರಿಕದ ಟೆಕ್ಸಾಸ್‌ನಿಂದ ಒಂದು ಪ್ರಬಂಧ ಪ್ರಕಟಿಸಿದರು. ನಡುವಿನ ಹೆಸರು ಕನ್ನಡಿಗರ ಕಿವಿಗೆ ಹೊಸದಲ್ಲ. ಅವರು ಆರಿಸಿದ್ದು ಲಿಥಿಯಮ್ ಕಬ್ಬಿಣ ಫಾಸ್ಫೇಟ್. ಇಲ್ಲಿ ರಂಜಕವು ಆಕ್ಸಿಜನ್ನನ್ನು ಬಿಗಿಯಾಗಿ ಹಿಡಿದಿರುವುದರಿಂದ ಕಾದರೂ ಅದು ಸುಲಭಕ್ಕೆ ಹೊರಬೀಳದು. ತೊಡಕೆಂದರೆ ವಿದ್ಯುದ್ವಹನ ತೀರ ಕಡಿಮೆ. ಅಂದಿನ ಪ್ರಯೋಗಗಳಲ್ಲಿ ಲಿಥಿಯಮ್ ಪೂರ್ತಿ ಹೊರಬರಲಿಲ್ಲ. ಮುಂದೆ ಕಣಗಳನ್ನು ಸಣ್ಣದಾಗಿಸಿ, ಇಂಗಾಲದ ಲೇಪ ಕೊಟ್ಟ ಮೇಲೆ ಈ ತೊಡಕು ಬಹುಮಟ್ಟಿಗೆ ನೀಗಿತು.

ಈಗ ಲೆಕ್ಕ ಮಾಡೋಣ. ಲಿಥಿಯಮ್ ಲೋಹಕ್ಕೆ ಹೋಲಿಸಿದರೆ ಕೋಬಾಲ್ಟ್ ಆಕ್ಸೈಡಿನ ವಿಭವ ಸುಮಾರು 3.9 ವೋಲ್ಟ್, ಅದರ ಲಿಥಿಯಮಿನಲ್ಲಿ ಅರ್ಧದಷ್ಟನ್ನೇ ಬಳಸಬಹುದಾದ್ದರಿಂದ ಗ್ರಾಮಿಗೆ ಸುಮಾರು 140 ಮಿಲಿಆಂಪಿಯರ್-ಗಂಟೆ ಸಿಗುತ್ತದೆ. ಫಾಸ್ಫೇಟಿನ ವಿಭವ 3.4 ವೋಲ್ಟ್; ಸಿಗುವುದು ಸುಮಾರು 160. ಗುಣಿಸಿ ನೋಡಿ: ಗ್ರಾಮಿಗೆ ದೊರೆಯುವ ಶಕ್ತಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ! ಹಾಗಾದರೆ ಫಾಸ್ಫೇಟ್ ಬ್ಯಾಟರಿ ಏಕೆ ದೊಡ್ಡದು? ಉತ್ತರ ಸಾಂದ್ರತೆಯಲ್ಲಿದೆ. ಕೋಬಾಲ್ಟ್ ಆಕ್ಸೈಡಿನದು ಘನ ಸೆಂಟಿಮೀಟರಿಗೆ ಸುಮಾರು 5 ಗ್ರಾಂ, ಫಾಸ್ಫೇಟಿನದು 3.6. ಅಷ್ಟೇ ಜಾಗದಲ್ಲಿ ಫಾಸ್ಫೇಟ್ ಹಿಡಿಯುವ ಶಕ್ತಿ ನಾಲ್ಕರಲ್ಲಿ ಮೂರು ಪಾಲಿಗಿಂತ ತುಸು ಕಡಿಮೆ.

ಮೊಬೈಲಿಗೆ ಜಾಗವೇ ಮುಖ್ಯ. ಅಲ್ಲಿ ಕೋಬಾಲ್ಟ್ ಉಳಿಯಿತು. ವಾಹನದ ಲೆಕ್ಕ ಬೇರೆ. ಬೆಂಗಳೂರಿನ ರೇವಾ ಕಾರು 2001ರಲ್ಲಿ ಸೀಸ-ಆಮ್ಲ ಬ್ಯಾಟರಿಯೊಂದಿಗೆ ಬಂದಿತು. ಅದರ ಲಿಥಿಯಮ್-ಅಯಾನ್ ಮಾದರಿ ಬಂದದ್ದು 2009ರಲ್ಲಿ. ಇಂದಿನ ವಾಹನಗಳಲ್ಲಿ ಹೆಚ್ಚಾಗಿ ಕಾಣುವುವು ಎರಡು: ಹಗುರವಾಗಿ ದೂರ ಒಯ್ಯುವ ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್ ಮತ್ತು ಬಿಸಿಯನ್ನು ಹೆಚ್ಚು ತಾಳಿ, ಹೆಚ್ಚು ಬಾರಿ ಆವೇಶ ತುಂಬಿಸಿಕೊಳ್ಳಬಲ್ಲ ಕಬ್ಬಿಣ ಫಾಸ್ಫೇಟ್. ಎರಡನೆಯದರಲ್ಲೂ ದ್ರಾವಕ ಉರಿಯಬಲ್ಲದೇ, ಎಚ್ಚರ ತಪ್ಪುವಂತಿಲ್ಲ.

ಬೆಳಗಾವಿ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ದಿನಕ್ಕೆ ಮೂವತ್ತು ಕಿಲೋಮೀಟರ್ ಓಡುವ ಸ್ಕೂಟರಿಗೆ ಇವೆರಡರಲ್ಲಿ ಯಾವುದು ಸರಿ? ನಿಮ್ಮ ವಿದ್ಯಾರ್ಥಿಗಳ ಮುಂದೆ ಈ ಪ್ರಶ್ನೆಯನ್ನಿಡಿ; ಉತ್ತರದ ಜೊತೆಗೆ ಕಾರಣವನ್ನೂ ಕೇಳಿ.