ತಲಕಾಡಿನ ಮರಳು

ರಾಜರಾಜೇಶ್ವರಿನಗರದ ನಮ್ಮ ಮನೆಯಿಂದ ಮೊಮ್ಮಗನೊಡನೆ ತಲಕಾಡಿಗೆ ಹೊರಟಾಗ, ದಾರಿಯುದ್ದಕ್ಕೂ ಅವನದು ಪಾಂಪೆಯ ಮಾತೇ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಪರ್ವತವು ಬೆಂಕಿಯುಗುಳಿ, ಎರಡು ದಿನಗಳೊಳಗೆ ಆ ರೋಮನ್ ಪಟ್ಟಣವನ್ನು ಬೂದಿಯಲ್ಲಿ ಹೂತುಬಿಟ್ಟಿತಷ್ಟೆ. ಅಲ್ಲಿ ಸುಟ್ಟು ಕರಿಕಾದ ರೊಟ್ಟಿಗಳೂ ಸಿಕ್ಕಿವೆ.

ತಲಕಾಡು ಗಂಗರ ರಾಜಧಾನಿ. ಚೋಳರ ಕಾಲದಲ್ಲಿ ರಾಜರಾಜಪುರವಾಯಿತು. ಅವರನ್ನು ಗೆದ್ದ ಹೊಯ್ಸಳ ವಿಷ್ಣುವರ್ಧನನು ಇಲ್ಲಿ ಕೀರ್ತಿನಾರಾಯಣ ದೇಗುಲವನ್ನು ಕಟ್ಟಿಸಿದನು. ಇಂದು ಕಾಲು ಹೂಳುವ ಮರಳಿನಲ್ಲಿ ನಡೆದು, ಪಾತಾಳೇಶ್ವರನನ್ನು ಕಾಣಲು ಮೆಟ್ಟಿಲಿಳಿಯಬೇಕು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಅರಿಕೆ. ಅಲಮೇಲಮ್ಮನ ಶಾಪದಿಂದಲೇ ತಲಕಾಡು ಮರಳಾಯಿತೆಂದು ತರಗತಿಯಲ್ಲಿ ರಸವತ್ತಾಗಿ ಹೇಳಿ ಪಾಠ ಮುಗಿಸುತ್ತಿದ್ದೆ. ಅದು ಅರ್ಧ ಪಾಠ. ಶಾಪದ ಕತೆ 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದ ಸಂದರ್ಭದ್ದು. ಕಾವೇರಿಗೆ ಅಡ್ಡಲಾಗಿರುವ ಮಾಧವಮಂತ್ರಿ ಅಣೆಕಟ್ಟೆಯಾದರೋ ವಿಜಯನಗರ ಕಾಲದ್ದೆಂದು ಪ್ರತೀತಿ. ಅಣೆಕಟ್ಟೆಯಿಂದ ಹೊಳೆಯ ಪಾತ್ರದ ಮರಳು ಬಯಲಾಗಿ, ನೈರುತ್ಯದ ಗಾಳಿಗೆ ಊರಿನ ಮೇಲೆ ಬಂದು ಬಿದ್ದಿತೆಂದು ಸಂಶೋಧಕರು ವಿವರಿಸುತ್ತಾರೆ. ಕತೆ ನನಗೆ ಈಗಲೂ ಪ್ರಿಯವೇ. ಆದರೆ ಅಣೆಕಟ್ಟೆಯನ್ನು ನಿಮಗೆ ಹೇಳದೆ ಬಿಟ್ಟದ್ದು ನನ್ನ ತಪ್ಪು.

"ಇಲ್ಲಿ ರೊಟ್ಟಿ ಸಿಗಲಿಲ್ಲವೇ, ತಾತ?" ಎಂದ ಮೊಮ್ಮಗ. ಮರಳು ವರ್ಷಕ್ಕೆ 9-10 ಅಡಿ ಮುಂದೊತ್ತಿ ಬರುತ್ತಿತ್ತೆಂದೂ, ಜನರು ಮನೆ ಬಿಟ್ಟು ಹಿಂದೆ ಸರಿಯುತ್ತಿದ್ದರೆಂದೂ ಬಿ.ಎಲ್. ರೈಸ್ ಅವರು ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಇಲ್ಲಿ ಒಲೆ ಆರಿಸಿ, ಪಾತ್ರೆ ಹೊತ್ತು ಹೋಗಲು ಸಮಯವಿತ್ತು, ಮಗು, ಎಂದೆ.