ಮೊಳೆ ಟೈರು ತಂದ ದೂಳಿನ ಚಳಿಗಾಲ

ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲ ಬಂತೆಂದರೆ ವಾಹನದ ಟೈರು ಬದಲಿಸುವುದು ವಾಡಿಕೆ. ಮಂಜುಗಡ್ಡೆ ಕಟ್ಟಿದ ರಸ್ತೆಯಲ್ಲಿ ಮಾಮೂಲಿ ಟೈರು ಜಾರುತ್ತದೆ. ಅದಕ್ಕೆ ಕಂಡುಕೊಂಡ ಉಪಾಯಗಳಲ್ಲೊಂದು ಮೊಳೆ ಟೈರು. ಹೊರಮೈಯಲ್ಲಿ ನೆಟ್ಟ ಗಟ್ಟಿ ಲೋಹದ ಮೊಳೆಗಳು ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುತ್ತವೆ. ಜೀವ ಉಳಿಸಬಲ್ಲ ಈ ಟೈರನ್ನು ಜಪಾನ್ ಕಾನೂನು ಮಾಡಿಯೇ ದೂರವಿಟ್ಟಿತು. ಏಕೆ?

1970ರ ದಶಕದಲ್ಲಿ ಉತ್ತರ ಜಪಾನಿನಲ್ಲಿ ಮೊಳೆ ಟೈರು ಮನೆಮಾತಾಯಿತು. ಆದರೆ ಸೆಂಡಾಯ್‌ನಂಥ ನಗರದಲ್ಲಿ ಹಿಮ ಬೀಳುವುದು ಕಡಿಮೆ. ಚಳಿಗಾಲದಲ್ಲೂ ರಸ್ತೆ ಬಹುಪಾಲು ಒಣಗಿಯೇ ಇರುತ್ತದೆ. ಕಚ್ಚಲು ಮಂಜುಗಡ್ಡೆ ಸಿಗದ ಮೊಳೆಗಳು ಡಾಂಬರನ್ನೇ ಅರೆದವು. ರಸ್ತೆಯಲ್ಲಿ ಗಾಲಿಜಾಡಿನ ಗುಂಡಿ ಬಿದ್ದವು. ಎದ್ದ ದೂಳು ಊರನ್ನೇ ಮುಸುಕಿತು. ಜನರ ಶ್ವಾಸಕೋಶಕ್ಕೂ ಅದು ಸೇರುತ್ತಿದೆ ಎಂಬ ಆತಂಕ ಬೆಳೆಯಿತು.

ಜನರ ದೂರಿಗೆ ಮೊದಲು ಓಗೊಟ್ಟದ್ದು ಸ್ಥಳೀಯ ಆಡಳಿತ. ಸೆಂಡಾಯ್ ಇರುವ ಮಿಯಾಗಿ ಪ್ರಾಂತ್ಯ 1985ರಲ್ಲಿ ತನ್ನದೇ ನಿಯಮ ರೂಪಿಸಿತು. ಇತ್ತ ನಾಗಾನೊ ಪ್ರಾಂತ್ಯದ ವಕೀಲರು ಟೈರು ಕಂಪನಿಗಳನ್ನೇ ಸಂಧಾನಕ್ಕೆ ಎಳೆದರು. 1988ರಲ್ಲಿ ಒಪ್ಪಂದವಾಯಿತು: 1990ರ ಅಂತ್ಯಕ್ಕೆ ತಯಾರಿಕೆ ನಿಲ್ಲಬೇಕು, 1991ರ ಮಾರ್ಚ್‌ಗೆ ಮಾರಾಟ ನಿಲ್ಲಬೇಕು.

1990ರಲ್ಲಿ ಸಂಸತ್ತು ಕಾಯಿದೆ ಮಾಡಿತು. ಗೊತ್ತುಪಡಿಸಿದ ಪ್ರದೇಶಗಳಲ್ಲಿ ಹಿಮವಾಗಲಿ ಮಂಜುಗಡ್ಡೆಯಾಗಲಿ ಇಲ್ಲದ ಡಾಂಬರು ರಸ್ತೆಯ ಮೇಲೆ ಮೊಳೆ ಟೈರು ಓಡಿಸಿದರೆ 1 ಲಕ್ಷ ಯೆನ್‌ವರೆಗೆ ದಂಡ. ಆಂಬುಲೆನ್ಸ್, ಅಗ್ನಿಶಾಮಕ ವಾಹನ ಹಾಗೂ ಅಂಗವಿಕಲರ ವಾಹನಗಳಿಗೆ ವಿನಾಯಿತಿ ಉಂಟು. ಮೃದು ರಬ್ಬರಿನ, ಮೊಳೆಯಿಲ್ಲದ ಚಳಿಗಾಲದ ಟೈರು ಅಷ್ಟರಲ್ಲಿ ಮಾರುಕಟ್ಟೆಗೆ ಬಂದಿದ್ದರಿಂದ ಬದಲಾವಣೆ ಸಾಧ್ಯವಾಯಿತು.

ದೂಳು ಇಳಿಯಿತು. ಆದರೆ ಸಪ್ಪೊರೊ ನಗರಕ್ಕೆ ಹೊಸ ತಲೆನೋವು ಶುರುವಾಯಿತು. ಮೊದಲು ಮೊಳೆಗಳು ಮಂಜುಗಡ್ಡೆಯನ್ನು ಕೆರೆದು ಒರಟಾಗಿಸುತ್ತಿದ್ದವು. ಈಗ ಟೈರುಗಳು ಅದನ್ನು ಉಜ್ಜಿ ಉಜ್ಜಿ ಕನ್ನಡಿಯಂತೆ ನುಣುಪಾಗಿಸಿದವು. ರಸ್ತೆ ದಾಟುವ ಪಾದಚಾರಿಗಳು ಜಾರಿ ಬೀಳುವುದು ಹೆಚ್ಚಿತು. ಜನರೇ ಎರಚಿಕೊಳ್ಳಲೆಂದು ಬೀದಿಬದಿಯಲ್ಲಿ ಮರಳಿನ ಪೆಟ್ಟಿಗೆಗಳನ್ನು ಇಡಬೇಕಾಯಿತು.

ಬೇರೆ ದೇಶಗಳ ದಾರಿ ಬೇರೆ. ಜರ್ಮನಿ 1970ರ ದಶಕದಲ್ಲೇ ಮೊಳೆ ಟೈರನ್ನು ನಿಷೇಧಿಸಿತು. ನಾರ್ವೆಯ ಓಸ್ಲೊದಲ್ಲಿ ಶುಲ್ಕ ಕಟ್ಟಿ ಓಡಿಸಬೇಕು. ಸ್ಟಾಕ್‌ಹೋಮ್ 2010ರಲ್ಲಿ ಹೊರ್ನ್ಸ್‌ಗಾಟನ್ ಎಂಬ ಬೀದಿಗೆ ಮಾತ್ರ ನಿಷೇಧ ಹೇರಿತು. ಫಿನ್ಲೆಂಡಿನಲ್ಲಿ ಚಳಿಗಾಲಕ್ಕೆ ಅನುಮತಿಯಿದೆ.

ಚಾಲಕನ ಹಿಡಿತ ಒಂದು ಕಡೆ, ಬೀದಿಬದಿಯವರ ಉಸಿರು ಇನ್ನೊಂದು ಕಡೆ. ಈ ಎರಡನ್ನೂ ತೂಗುವ ತಕ್ಕಡಿ ಆಯಾ ಊರಿನ ಹವೆಗೆ ತಕ್ಕಂತೆ ವಾಲಿದೆ.